ಸೀತುವಿನ ಹೊಟ್ಟೆಯ ವಿಚಾರ

ಸೀತುವಿನ ಹೊಟ್ಟೆಯನ್ನು ಹೇಗೆ ಕತ್ತರಿಸಬೇಕು ಎನ್ನುವ ಬಗ್ಗೆ ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಸೀತುವಿಗೆ ಮಾತ್ರ ಇಲ್ಲ ಎಂದು ನನ್ನ ಗಂಡ ತಿಳಿದುಕೊಂಡಿದ್ದರು. ಅವಳು ಅವರ ಒಬ್ಬಳೇ ತಂಗಿ. ಅವಳ ಮದುವೆ ಯಾವ ಮನೆಗೆ, ಅವಳ ಮಗಳು ಯಶ್ಮಿತಾ ಕಾಲೇಜಿನಲ್ಲಿ ಏನು ಓದಬೇಕು, ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸುವುದೋ ಬೇಡವೋ, ಎಲ್ಲವೂ ಪುತ್ತೂರಿನ ನಮ್ಮ ಮನೆಯ ಸೋಫಾದಲ್ಲಿ ತೀರ್ಮಾನವಾಗಿ ಅವಳ ಊರಾದ ಕಾಣಿಯೂರಿಗೆ ಫೋನಿನಲ್ಲಿ ಹೋಗುತ್ತಿತ್ತು. ದೇವದಾಸ ರೈಗಳು ಎಂದರೆ ಅಡಿಕೆ ವ್ಯಾಪಾರಿಗಳು, ಊರಿನ ನಾಲ್ಕಾರು ಸಮಿತಿಗಳಲ್ಲಿ ಇರುವವರು. ಮೈಕ್ ಕೊಟ್ಟರೆ ಬಿಡುವುದಿಲ್ಲ, ಕೊಡದಿದ್ದರೆ ಕೇಳಿ ತೆಗೆದುಕೊಳ್ಳುತ್ತಾರೆ. ಅವರನ್ನು ಕಟ್ಟಿಕೊಂಡವಳು ನಾನು, ಹೀಗೆ ಹೇಳುವ ಅಧಿಕಾರ ನನಗಿದೆ.

ಅದುವರೆಗೆ ಸೀತು ಅವರ ಮಾತು ಮೀರಿದ್ದು ಒಂದೇ ಸಲ. ಅವಳ ಗಂಡ ತೀರಿಕೊಂಡಾಗ, ಮಿಲ್ಲು ಮಾರಿ ಪುತ್ತೂರಿಗೆ ಬಾ ಎಂದು ಇವರು ಹೇಳಿದ್ದರು. ಅವಳು ಹ್ಞೂಂ ಎಂದಳು. ಉತ್ತರಕ್ರಿಯೆ ಮುಗಿದ ಮರುದಿನ ಹೋಗಿ ಮಿಲ್ಲಿನ ಬಾಗಿಲು ತೆರೆದಳು. ತೆಂಗಿನೆಣ್ಣೆ ತೆಗೆಯುವ ಒಂದು ಯಂತ್ರ, ಮೆಣಸು, ಕೊತ್ತಂಬರಿ, ಅಕ್ಕಿ ಹುಡಿ ಮಾಡುವ ಎರಡು ಯಂತ್ರ. ಬೆಳಗಿನಿಂದ ಸಂಜೆಯವರೆಗೆ ಹುಡಿಯ ನಡುವೆ ನಿಂತಿರುವ ಕೆಲಸ. ಬಾಯಿ ಒಣಗಬಾರದೆಂದು ದವಡೆಯ ಸಂದಿಯಲ್ಲಿ ಸದಾ ಒಂದು ಹೋಳು ಅಡಿಕೆ ಇಟ್ಟುಕೊಂಡಿರುತ್ತಿದ್ದಳು. ನಮ್ಮ ಕಡೆ ಅದನ್ನು ಯಾರೂ ಚಟ ಎಂದು ಕರೆಯುವುದಿಲ್ಲ.

ಅವಳಿಗೆ ಮೈ ಬಂದು ದಪ್ಪಗಾದದ್ದು ಗಂಡ ಹೋದ ಮೇಲೆ. ಮೊದಲು ನಾವೆಲ್ಲ ತಮಾಷೆ ಮಾಡುತ್ತಿದ್ದೆವು, ಅವಳೂ ನಗುತ್ತಿದ್ದಳು. ಆಮೇಲೆ ಶುಗರ್ ಬಂತು, ಗಂಟುನೋವು ಬಂತು, ಮಲಗಿದರೆ ಉಸಿರು ಕಟ್ಟಿ ಏಳುವುದು ಶುರುವಾಯಿತು, ತಮಾಷೆ ನಿಂತಿತು. ಕಳೆದ ವರ್ಷ ಎಡಗಾಲಿನ ಕಿರುಬೆರಳು ಕಪ್ಪಾಗಿ ಅದನ್ನು ತೆಗೆಸಬೇಕಾಯಿತು. ನನ್ನ ಅತ್ತೆ, ಅಂದರೆ ಅವಳ ತಾಯಿಗೂ ಹಾಗೆಯೇ ಬೆರಳಿನಿಂದ ಶುರುವಾದದ್ದು. ಬೆರಳು, ಪಾದ, ಮೊಣಕಾಲಿನವರೆಗೆ ಕಾಲು. ಕೊನೆಗೆ ಮಂಚದಿಂದ ಏಳಲಾರದೆ, ಅನ್ನ ಬೇಕೋ ಗಂಜಿ ಬೇಕೋ ಎಂದು ಕೂಡ ಯಾರೂ ಕೇಳದ ಸ್ಥಿತಿಯಲ್ಲಿ ಹೋದರು. ಅವರನ್ನು ಎತ್ತಿ, ತೊಳೆದು, ಮಗ್ಗುಲು ಬದಲಿಸಿದ್ದು ಸೀತು ಮತ್ತು ನಾನು.

ಬೆರಳು ತೆಗೆದ ದಿನ ಆಸ್ಪತ್ರೆಯ ವಾರ್ಡಿನಲ್ಲಿ ಅವಳು ನನಗೆ ಹೇಳಿದ್ದು ಇಷ್ಟು: "ಅತ್ತಿಗೆ, ಕಾಲು ಹೋದ್ರೆ ಮಿಲ್ಲು ಹೋಯ್ತು. ಮಿಲ್ಲು ಹೋದ್ರೆ ನಾನು ನಿಮ್ಮ ಮನೆಯಲ್ಲಿ ಬಂದು ಕೂರುದು. ಮತ್ತೆ ನಾನು ಎಷ್ಟು ಗಂಟೆಗೆ ಸ್ನಾನ ಮಾಡ್ಬೇಕು ಅಂತ್ಲೂ ಅಣ್ಣ ಹೇಳುದು. ಅದಾಗ್ಲಿಕ್ಕಿಲ್ಲ ನಂಗೆ."

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಅವಳೇ ಹೊರಟದ್ದು. ದುಡ್ಡು ಅವಳದ್ದೇ. ಆದರೆ ಪುತ್ತೂರಿಗೆ ವಾರಕ್ಕೊಮ್ಮೆ ಬರುವ ಸರ್ಜನ್ನನ್ನು ಕಾಣಲು ಹೋದಾಗ ಕೋಣೆಯಲ್ಲಿ ಎದುರಿನ ಕುರ್ಚಿ ಹಿಡಿದದ್ದು ಇವರು. ಸೀತು ಪಕ್ಕದ ಪರೀಕ್ಷೆಯ ಮಂಚದ ಮೇಲೆ ಕೂತಳು, ಯಾಕೆಂದರೆ ಅಲ್ಲಿದ್ದ ಕುರ್ಚಿಗಳಿಗೆ ಕೈಗಳಿದ್ದವು, ಅವಳು ಅವುಗಳಲ್ಲಿ ಹಿಡಿಸುತ್ತಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತೆ.

ಸರ್ಜನ್ ಇನ್ನೂ ಯುವಕ, ಮರ್ಯಾದೆಯ ಮನುಷ್ಯ. ಬಿಳಿ ಕಾಗದದ ಮೇಲೆ ಎರಡು ಹೊಟ್ಟೆ ಬಿಡಿಸಿದ. ಒಂದು ಸ್ಲೀವ್. ಹೊಟ್ಟೆಯ ಹೆಚ್ಚಿನ ಭಾಗ ಕತ್ತರಿಸಿ ತೆಗೆದು ಬಾಳೆಹಣ್ಣಿನಷ್ಟು ಸಪೂರ ಉಳಿಸುವುದು. ತೆಗೆದದ್ದು ಮತ್ತೆ ಬರುವುದಿಲ್ಲ. ಇನ್ನೊಂದು ಬೈಪಾಸ್. ಮೇಲೆ ಒಂದು ಚಿಕ್ಕ ಚೀಲ ಮಾಡಿ ಅದನ್ನು ನೇರ ಕರುಳಿಗೆ ಜೋಡಿಸುವುದು, ಹಳೆಯ ಹೊಟ್ಟೆ ಒಳಗೇ ಕೆಲಸವಿಲ್ಲದೆ ಇರುತ್ತದೆ. ಶುಗರಿಗೆ ಬೈಪಾಸ್ ಹೆಚ್ಚು ಒಳ್ಳೆಯದು, ಆದರೆ ದೊಡ್ಡ ಕೆಲಸ, ಜೀವಮಾನವಿಡೀ ವಿಟಮಿನ್ ಮಾತ್ರೆ ತಪ್ಪಿಸಬಾರದು. ಎದೆಯುರಿ ಇದ್ದವರಿಗೆ ಸ್ಲೀವ್ ಅಷ್ಟು ಹಿಡಿಸುವುದಿಲ್ಲ.

"ನಿಮಗೆ ಎದೆಯುರಿ ಉಂಟಾ?" ಎಂದು ಡಾಕ್ಟರ್ ಸೀತುವನ್ನು ಕೇಳಿದ.

"ಇಲ್ಲ," ಎಂದರು ನನ್ನ ಗಂಡ.

"ಬೀಡಿ, ಸಿಗರೇಟು, ಡ್ರಿಂಕ್ಸ್?"

"ಎಂತ ಕೇಳ್ತೀರಿ ಡಾಕ್ಟ್ರೇ, ಹೆಂಗಸಿನ ಹತ್ರ."

"ಎಲೆಯಡಿಕೆ?"

ಇವರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕೂತರು. ಹಾಗೆ ಕೂತರೆಂದರೆ ಭಾಷಣ ಬರುತ್ತದೆ. "ನೋಡಿ, ನಾನು ಅಡಿಕೆಯಲ್ಲೇ ಹುಟ್ಟಿ ಬೆಳೆದವ. ಹೊಗೆಸೊಪ್ಪು ಹಾಕಿದ್ರೆ ತೊಂದರೆ, ಅದು ನಾನೂ ಒಪ್ತೇನೆ. ನಮ್ಮಲ್ಲಿ ಅದು ಇಲ್ಲ. ಬರೇ ಅಡಿಕೆ ಎಂತ ಮಾಡ್ತದೆ? ಜೀರ್ಣಕ್ಕೆ ಒಳ್ಳೇದು. ಸುಮ್ಮನೆ ಅಡಿಕೆಯ ಹೆಸರು ಹಾಳು ಮಾಡುದು ಈಗ ಒಂದು ಫ್ಯಾಶನ್ ಆಗಿದೆ."

ಡಾಕ್ಟರ್ ವಾದಕ್ಕೆ ಇಳಿಯಲಿಲ್ಲ. ಅದನ್ನೂ ನಿಲ್ಲಿಸಿ ಎಂದ. ಎರಡು ತಿಂಗಳು ಪಥ್ಯ ಮಾಡಿ ಶುಗರ್ ಹತೋಟಿಗೆ ತಂದು ಬನ್ನಿ, ಆಮೇಲೆ ಎಂಡೋಸ್ಕೋಪಿ ಮಾಡುವ, ಬಾಯಿಯಿಂದ ನಳಿಕೆ ಇಳಿಸಿ ಹೊಟ್ಟೆಯ ಒಳಗೆ ನೋಡಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ, ಅಷ್ಟರಲ್ಲಿ ನೀವು ಯೋಚಿಸಿ ಎಂದ. ಕೊನೆಯ ಮಾತನ್ನು ಸೀತುವಿನ ಮುಖ ನೋಡಿ ಹೇಳಿದ. ಅವಳು ತಲೆಯಾಡಿಸಿದಳು.

ಕಾರಿನಲ್ಲಿ ಕೂತು ಬೆಲ್ಟ್ ಹಾಕುವ ಮೊದಲೇ ಇವರು ತೀರ್ಪು ಕೊಟ್ಟರು. "ಸ್ಲೀವ್. ಒಂದು ಕತ್ತರಿ, ಮುಗೀತು. ಕರುಳಿಗೆ ಕೈ ಹಾಕುದು ಬೇಡ."

ಆಮೇಲಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಯಶ್ಮಿತಾ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧ ಡಾಕ್ಟರ್ ಆಗಿದ್ದಳು, ಅವಳದ್ದು ಬೈಪಾಸ್. ಇವರ ಗೋದಾಮಿಗೆ ಬರುವವರಲ್ಲಿ ಒಬ್ಬ, ಹೊಟ್ಟೆಗೆ ಬಲೂನ್ ಹಾಕಿ ಸಾಕು ಎಂದನಂತೆ. ಸುಳ್ಯದ ಒಬ್ಬ ನೆಂಟರು, ಯಾವುದೂ ಬೇಡ, ನನಗೆ ಗೊತ್ತಿರುವ ಒಬ್ಬ ಪಂಡಿತರ ಕಷಾಯ ಉಂಟು ಎಂದರು. ಎಲ್ಲರೂ ನಮ್ಮ ಊಟದ ಮೇಜಿನ ಸುತ್ತ ಕೂತು, ಕೋಳಿ ಸಾರಿಗೆ ರೊಟ್ಟಿ ಅದ್ದುತ್ತ ಸೀತುವಿನ ಹೊಟ್ಟೆಯ ಅಳತೆ ಮಾತಾಡುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಅವಳು ಒಂದು ಬದಿಯಲ್ಲಿ ಕೂತು ಮಜ್ಜಿಗೆಯಲ್ಲಿ ಕಲಸಿದ ಗಂಜಿ ಉಣ್ಣುತ್ತಿದ್ದಳು.

"ಒಂದು ತುಂಡು ಹಾಕಿಕೊ ಮಾರಾಯ್ತಿ, ಒಂದಿನ ತಿಂದ್ರೆ ಎಂತ ಆಗುದಿಲ್ಲ," ಎಂದೆ ನಾನು ಒಂದು ಭಾನುವಾರ.

"ಬೇಡ ಅತ್ತಿಗೆ. ಖಾರ ಆಗುದಿಲ್ಲ ಈಗ. ಬಾಯಿ ಉರೀತದೆ."

"ನೋಡಿ, ಅದಕ್ಕೆ ಹೇಳುದು ಮನಸ್ಸು ಮಾಡಿದ್ರೆ ಎಲ್ಲ ಆಗ್ತದೆ ಅಂತ," ಎಂದರು ಇವರು ಮೇಜಿಗೆಲ್ಲ ಕೇಳುವ ಹಾಗೆ. "ಕೋಳಿ ಕಂಡ್ರೆ ಬಿಡದವಳು, ಈಗ ಮುಟ್ಟುದೇ ಇಲ್ಲ."

ತೂಕ ಇಳಿಯುತ್ತಿತ್ತು ಎನ್ನುವುದು ನಿಜ. ಕೆನ್ನೆ ಒಳಗೆ ಹೋಗಿತ್ತು, ರವಿಕೆಗಳನ್ನೆಲ್ಲ ಹೊಲಿಗೆ ಹಾಕಿ ಚಿಕ್ಕದು ಮಾಡಿಸಿದ್ದಳು. ಆಸ್ಪತ್ರೆಯಲ್ಲಿ ಪಥ್ಯದ ಪಟ್ಟಿ ಕೊಟ್ಟ ಹುಡುಗಿ ಫೋನಿನಲ್ಲೇ ಶಹಭಾಸ್ ಎಂದಳಂತೆ. ಮಿಲ್ಲಿಗೆ ಬರುವವರು ಗುರುತು ಸಿಗಲಿಲ್ಲ ಎನ್ನುವಾಗ ಅವಳ ಮುಖ ಅರಳುತ್ತಿತ್ತು. ಅಷ್ಟು ವರ್ಷ ಬೈಸಿಕೊಂಡ ಮೈಗೆ ಮೊದಲ ಸಲ ಹೊಗಳಿಕೆ ಸಿಗುತ್ತಿತ್ತು, ಯಾರು ಬೇಡ ಎನ್ನುತ್ತಾರೆ. ನಾವೆಲ್ಲ ಹೊಗಳಿದೆವು.

ಅದೇ ವಾರ ಅವಳು ನನಗೆ ಫೋನ್ ಮಾಡಿ, ಕುಂಬ್ರಕ್ಕೆ ಒಮ್ಮೆ ಹೋಗಿ ಬರುವ ಎಂದಳು. ಅಣ್ಣನಿಗೆ ಹೇಳಬೇಡಿ ಎಂದೂ ಹೇಳಿದಳು. ಕುಂಬ್ರದಲ್ಲಿ ಅಮೀರಾ ಎಂಬವರಿದ್ದಾರೆ, ನೈಟಿ, ಚೂಡಿದಾರ ಹೊಲಿಯುವವರು, ಎರಡು ವರ್ಷದ ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡಿದ್ದಾರೆ ಎಂದು ಮಿಲ್ಲಿಗೆ ಬಂದ ಯಾರೋ ಹೇಳಿದ್ದರಂತೆ. ನಾನು ಕಾರು ತೆಗೆದೆ. ಕಾರು ಕಲಿತದ್ದು ಸಾರ್ಥಕವಾಗುವುದು ಇಂಥ ಕೆಲಸಗಳಿಗೇ.

ಅಮೀರಾ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು ನಮ್ಮನ್ನು ಕೂರಿಸಿದರು. ನಲವತ್ತರ ಹೆಂಗಸು, ಸಪೂರ, ಕುತ್ತಿಗೆಯ ಚರ್ಮ ಜೋತು ಬಿದ್ದಿತ್ತು. ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ತನ್ನದು ಸ್ಲೀವ್. ಮೊದಲ ತಿಂಗಳು ನೀರು ಕುಡಿಯಲೂ ಹೆದರಿಕೆಯಾಗುತ್ತಿತ್ತು. ಕೂದಲು ಉದುರಿತು, ಮತ್ತೆ ಬಂತು. ಈಗ ನಮಾಜಿಗೆ ಕೂತು ಏಳುವುದು ಸುಲಭ, ಬಸ್ಸಿನಲ್ಲಿ ಒಬ್ಬರ ಸೀಟಿನಲ್ಲಿ ಕೂರುತ್ತೇನೆ, ಅಷ್ಟು ಸುಖ. ಆದರೆ ರಾತ್ರಿ ಮಲಗಿದರೆ ಗಂಟಲಿನವರೆಗೆ ಹುಳಿ ಬರುತ್ತದೆ, ದಿಂಬು ಎತ್ತರ ಇಟ್ಟು ಅರ್ಧ ಕೂತೇ ನಿದ್ದೆ.

ಸೀತು ಇದನ್ನೆಲ್ಲ ಕೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. "ಸ್ಲೀವೇ ಮಾಡುದು ಅಂತ ಯಾರು ತೀರ್ಮಾನ ಮಾಡಿದ್ದು?"

"ನಮ್ಮವರ ಅಣ್ಣ. ಅವರಿಗೆ ಎಲ್ಲ ಗೊತ್ತುಂಟು ಅಲ್ವಾ." ಅಮೀರಾ ನಕ್ಕರು. "ನಂಗೆ ಮೊದಲೇ ಎದೆಯುರಿ ಇತ್ತು ಅಕ್ಕ. ಡಾಕ್ಟ್ರು ಕೇಳುವಾಗ ಅವರು ಇಲ್ಲ ಅಂದ್ರು, ನಾನು ಸುಮ್ಮನಿದ್ದೆ. ಗಂಡಸ್ರ ಮಾತಿನ ಮಧ್ಯ ಬಾಯಿ ಹಾಕುದು ಹೇಗೆ? ಈಗ ಅವರು ಚೆಂದ ನಿದ್ದೆ ಮಾಡ್ತಾರೆ. ಎದ್ದು ಕೂರುದು ನಾನು."

ಚಾ ಕುಡಿದ ಮೇಲೆ ಅಮೀರಾರ ಅತ್ತೆ ಎಲೆಯಡಿಕೆಯ ತಟ್ಟೆ ತಂದು ಮುಂದಿಟ್ಟರು. ಸೀತು ಒಂದು ಹೋಳು ತೆಗೆದುಕೊಂಡಳು, ಬಾಯಿಗೆ ಹಾಕಲಿಲ್ಲ, ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ಡಾಕ್ಟರ್ ಹೇಳಿದ ಮೇಲೆ ಅಡಿಕೆ ಬಿಟ್ಟಿದ್ದಾಳೆ ಎಂದು ನಾನು ಅಮೀರಾಗೆ ಹೆಮ್ಮೆಯಿಂದ ಹೇಳಿದೆ.

ಕಾರು ಪುತ್ತೂರಿನ ದರ್ಬೆ ಮುಟ್ಟಿತು. ಅಲ್ಲಿ ಸೀತು, "ಬೈಪಾಸ್," ಎಂದಳು.

"ಯೋಚನೆ ಮಾಡಿದ್ದೀಯಾ?"

"ನಂಗೆ ಎದೆಯುರಿ ಉಂಟು ಅತ್ತಿಗೆ. ತುಂಬಾ ಸಮಯದಿಂದ ಉಂಟು. ಮತ್ತೆ ನಂಗೆ ಶುಗರ್ ಹೋಗ್ಬೇಕು, ಕಾಲು ಉಳೀಬೇಕು. ಚೆಂದ ಕಾಣ್ಲಿಕ್ಕೆ ಅಲ್ಲ ನಾನು ಇದು ಮಾಡ್ಸುದು. ಅಣ್ಣನಿಗೆ ನಾನೇ ಹೇಳ್ತೇನೆ."

ಹೇಳಿದಳು ಕೂಡ. ನಮ್ಮ ಮನೆಯಲ್ಲಿ, ಇವರು ಪೇಪರ್ ಓದುತ್ತ ಕೂತಿದ್ದ ಸೋಫಾದ ಎದುರು ನಿಂತುಕೊಂಡೇ ಹೇಳಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ಇವರು ಪೇಪರ್ ಮಡಚಿದರು. "ಯಾರು ಕಿವಿ ಚುಚ್ಚಿದ್ದು ನಿಂಗೆ?"

"ಯಾರೂ ಅಲ್ಲ. ನಾನು ಕೇಳಿ ತಿಳ್ಕೊಂಡು ಹೇಳುದು."

"ಕರುಳು ಕೊಯ್ದು ಜೋಡಿಸುದು ಅಂದ್ರೆ ಎಂತ ಅಂತ ಗೊತ್ತುಂಟಾ? ಅದು ಬಿಟ್ಟುಕೊಂಡ್ರೆ? ನಾಳೆ ಹೆಚ್ಚುಕಮ್ಮಿ ಆದ್ರೆ ಜನ ನನ್ನನ್ನು ಕೇಳುದು, ನಿನ್ನನ್ನಲ್ಲ."

"ಜನ ಕೇಳಿದ್ರೆ ತಂಗಿಯೇ ಹೇಳಿದ್ದು ಅಂತ ಹೇಳು."

"ಹಾಗಾದ್ರೆ ನಾನು ಬರುದಿಲ್ಲ. ನೀನುಂಟು, ನಿನ್ನ ಡಾಕ್ಟ್ರುಂಟು."

"ಬರ್ಬೇಡ ಅಣ್ಣ," ಎಂದಳು ಸೀತು. ಸಿಟ್ಟಿನಲ್ಲಿ ಅಲ್ಲ, ಮಿಲ್ಲಿನಲ್ಲಿ ಗಿರಾಕಿಗೆ ಇವತ್ತು ಕರೆಂಟಿಲ್ಲ ನಾಳೆ ಬನ್ನಿ ಎನ್ನುವ ಹಾಗೆ ಹೇಳಿದಳು. ಆಮೇಲೆ ನನ್ನ ಹತ್ತಿರ ಬಂದು ಒಂದು ಲೋಟ ತಣ್ಣನೆಯ ನೀರು ಕೇಳಿ, ಬಾಯಲ್ಲಿ ತುಂಬ ಹೊತ್ತು ಇಟ್ಟುಕೊಂಡು ನುಂಗಿದಳು.

ಇವರು ನಾಲ್ಕು ದಿನ ಮುಖ ಊದಿಸಿಕೊಂಡಿದ್ದರು. ಆದರೆ ಎಂಡೋಸ್ಕೋಪಿಯ ದಿನ ಬೆಳಿಗ್ಗೆ ನಾನು ಹೊರಡುವಾಗ ಕಾರಿನ ಕೀ ಅವರ ಕೈಯಲ್ಲಿತ್ತು. ತಾನಿಲ್ಲದೆ ಒಂದು ಕಾರ್ಯ ನಡೆಯುವುದನ್ನು ಅವರ ಜೀವ ಸಹಿಸುವುದಿಲ್ಲ.

ಅವರನ್ನು ಹೊರಗೆ ಕೂರಿಸಿ ಸೀತುವಿನ ಜೊತೆ ನನ್ನನ್ನು ಒಳಗೆ ಬಿಟ್ಟರು. ಅವಳು ಅಂದು ಹಗುರವಾಗಿದ್ದಳು. ನರ್ಸ್ ತೂಕ ನೋಡಿ, ಹೋದ ಸಲಕ್ಕಿಂತ ಹದಿನಾರು ಕಿಲೋ ಕಮ್ಮಿ, ಹೀಗೇ ಆದರೆ ಆಪರೇಷನ್ ಬೇಡ ಎಂದಾಗ, ಬೇಕು ಬೇಕು ಎಂದು ಸೀತು ನಕ್ಕಳು. ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿದರು. ಗಂಟಲು ಮರಗಟ್ಟಲು ಕಹಿ ಔಷಧಿ ಸಿಂಪಡಿಸಿದರು. ನಳಿಕೆಯನ್ನು ಕಚ್ಚಬಾರದೆಂದು ಹಲ್ಲಿನ ನಡುವೆ ಇಡುವ ಪ್ಲಾಸ್ಟಿಕ್ ಬಳೆಯೊಂದನ್ನು ನರ್ಸ್ ತಂದಳು.

"ಬಾಯಿ ದೊಡ್ಡ ಮಾಡಿ ಅಮ್ಮ."

ಸೀತು ಬಾಯಿ ತೆರೆದಳು.

"ಇನ್ನೂ ದೊಡ್ಡ."

"ಇಷ್ಟೇ ಆಗುದು," ಎಂದಳು ಸೀತು.

ಬಳೆ ಹೋಗಲಿಲ್ಲ. ನರ್ಸ್ ಇನ್ನೊಂದು ಚಿಕ್ಕದು ತಂದಳು, ಅದೂ ಹಲ್ಲಿಗೆ ತಾಗಿ ನಿಂತಿತು. ಹೆದರಬೇಡಿ, ಸಡಿಲ ಬಿಡಿ ಎಂದು ಗಲ್ಲ ಸವರಿದಳು. ಹೆದರಿಕೆಯಿಂದ ಬಿಗಿಹಿಡಿದಿದ್ದಾಳೆ ಎಂದು ನಾನೂ ಭಾವಿಸಿದೆ. ಅಷ್ಟರಲ್ಲಿ ಎಂಡೋಸ್ಕೋಪಿ ಮಾಡುವ ಡಾಕ್ಟರ್ ಬಂದರು. ನಡುವಯಸ್ಸಿನ ಹೆಂಗಸು, ಅವಸರದಲ್ಲಿದ್ದವರು. ನರ್ಸ್ ಹೇಳಿದ್ದು ಕೇಳಿ ಅವಸರ ಬಿಟ್ಟರು. ಸೀತುವನ್ನು ಎಬ್ಬಿಸಿ ಕೂರಿಸಿ, ಬೆರಳುಗಳನ್ನು ನಿಲ್ಲಿಸಿ ಹಲ್ಲಿನ ನಡುವೆ ಅಳತೆ ನೋಡಿದರು. ಎರಡು ಬೆರಳೂ ಸರಿಯಾಗಿ ಹೋಗಲಿಲ್ಲ. ಟಾರ್ಚ್ ಹಾಕಿ ಕೆನ್ನೆಯ ಒಳಗೆ ಬೆರಳಾಡಿಸಿದಾಗ ಸೀತು ಕಣ್ಣು ಮುಚ್ಚಿಕೊಂಡಳು.

"ಎಷ್ಟು ಸಮಯ ಆಯ್ತು ಈ ಹುಣ್ಣಾಗಿ?"

ಸೀತು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಒಳಗೆಲ್ಲ ಬಿಳಿಯಾಗಿ ಬಿಗಿದುಕೊಂಡಿದೆ. ಇದು ಇವತ್ತು ನಿನ್ನೆಯದ್ದಲ್ಲ. ಹಿಂದಿನ ದವಡೆ ಹಲ್ಲಿನ ಹತ್ತಿರ ಹುಣ್ಣುಂಟು. ಅಡಿಕೆ ತಿನ್ತೀರಾ?"

"ಹೊಗೆಸೊಪ್ಪು ಹಾಕುದಿಲ್ಲ," ಎಂದೆ ನಾನು. ನನ್ನ ಬಾಯಲ್ಲಿ ಇವರದ್ದೇ ಮಾತು ಬಂತು.

"ಅಡಿಕೆಯೊಂದೇ ಸಾಕು," ಎಂದರು ಡಾಕ್ಟರ್, ನನ್ನ ಕಡೆ ನೋಡದೆ.

"ಮಿಲ್ಲಿನಲ್ಲಿ ಮೆಣಸಿನ ಹುಡಿ ಹಾರ್ತದೆ," ಎಂದಳು ಸೀತು ನಿಧಾನವಾಗಿ. "ಅದು ಬಾಯಿಗೆ ಹೋಗಿ ಹೀಗಾದದ್ದು ಅಂತ ತಿಳ್ಕೊಂಡೆ. ಉಷ್ಣ ಅಂತ ಮಜ್ಜಿಗೆ ಕುಡಿದೆ."

"ಊಟ ಮಾಡ್ಲಿಕ್ಕೆ ಆಗ್ತಿರಲಿಲ್ಲ, ಅಲ್ವಾ? ತೂಕ ಇಳಿದದ್ದು ಅದಕ್ಕೆ. ಯಾಕೆ ಯಾರಿಗೂ ಹೇಳ್ಲಿಲ್ಲ?"

ಸೀತು ನನ್ನನ್ನು ನೋಡಿದಳು, ಡಾಕ್ಟರನ್ನು ನೋಡಿದಳು. "ಹೇಳಿದ್ರೆ ಆಪರೇಷನ್ ಮುಂದೆ ಹಾಕ್ತಾರೆ. ಮುಂದೆ ಹಾಕಿದ್ರೆ ಮತ್ತೆ ಅಣ್ಣ..." ಎಂದು ಅಲ್ಲಿಗೆ ನಿಲ್ಲಿಸಿದಳು.

ನಳಿಕೆ ಇಳಿಸಲಿಲ್ಲ. ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದು ಬೇರೆ ಡಾಕ್ಟರ ಹತ್ತಿರ ಕಳಿಸಿದರು. ಹೊರಗೆ ಬಂದಾಗ ಇವರು ಕುರ್ಚಿಯಿಂದ ಎದ್ದು, "ಎಂತ ಹೇಳಿದ್ರು? ಸ್ಲೀವಾ, ಬೈಪಾಸಾ?" ಎಂದು ಕೇಳಿದರು. ಯಾರು ಗೆದ್ದರು ಎಂದು ಕೇಳುವ ಧ್ವನಿ. ಆ ಕ್ಷಣದಲ್ಲಿ ನನ್ನ ಗಂಡನ ಮೇಲೆ ಬಂದಷ್ಟು ಸಿಟ್ಟು ನನಗೆ ಮದುವೆಯಾದಂದಿನಿಂದ ಬಂದಿರಲಿಲ್ಲ. ನಾನು ಅವರ ಕೈಯಿಂದ ಕೀ ತೆಗೆದುಕೊಂಡೆ.

ಹತ್ತು ದಿನದಲ್ಲಿ ಉತ್ತರ ಬಂತು, ಕ್ಯಾನ್ಸರ್. ಮಂಗಳೂರಿನಲ್ಲಿ ಅದಕ್ಕೇ ಇರುವ ಡಾಕ್ಟರನ್ನು ಕಂಡೆವು. ಈ ಸಲವೂ ಎದುರಿನ ಕುರ್ಚಿಯಲ್ಲಿ ಇವರೇ ಕೂತರು. ಆದರೆ ಡಾಕ್ಟರ್ ಹೇಳುತ್ತ ಹೋದ ಹಾಗೆ ಇವರ ಕಣ್ಣು ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿಗೆ ಅಂಟಿತು. ಕೆನ್ನೆಯ ಒಳಭಾಗ, ಕೆಳದವಡೆಯ ಮೂಳೆಯ ಒಂದು ತುಂಡು, ಕುತ್ತಿಗೆಯ ಗಂಟುಗಳು, ಇಷ್ಟನ್ನು ತೆಗೆಯಬೇಕು. ತೊಡೆಯಿಂದ ಮಾಂಸ ತಂದು ಆ ಜಾಗ ಮುಚ್ಚಬೇಕು. ಆಮೇಲೆ ಕರೆಂಟ್, ಅಂದರೆ ರೇಡಿಯೇಶನ್, ಕೊಡುವುದು. ಮುಖ ಮೊದಲಿನ ಹಾಗೆ ಇರುವುದಿಲ್ಲ, ಮಾತು ಸ್ಪಷ್ಟ ಬರಲಿಕ್ಕೆ ಸಮಯ ಬೇಕು, ಸ್ವಲ್ಪ ಕಾಲ ಮೂಗಿನ ನಳಿಕೆಯಲ್ಲಿ ಊಟ. ಈ ತೂಕಕ್ಕೆ, ಈ ಶುಗರಿಗೆ ಗಾಯ ಮಾಗುವುದು ಕಷ್ಟ, ಅರಿವಳಿಕೆ ಕೊಡುವುದರಲ್ಲೂ ಅಪಾಯ ಉಂಟು. ಇನ್ನೊಂದು ದಾರಿ, ಕೊಯ್ಯದೆ ಕರೆಂಟ್ ಮತ್ತು ಮದ್ದು ಮಾತ್ರ. ಅದರಲ್ಲಿ ಗುಣವಾಗುವ ಭರವಸೆ ಕಡಿಮೆ. ನನ್ನನ್ನು ಕೇಳಿದರೆ ಕೊಯ್ಯುವುದೇ ಸರಿ, ಆದರೆ ಒಪ್ಪಬೇಕಾದವರು ನೀವು, ತಡ ಮಾಡಬೇಡಿ ಎಂದರು ಅವರು.

"ಮತ್ತೆ ಹೊಟ್ಟೆಯ ಆಪರೇಷನ್?" ಎಂದು ಕೇಳಿದಳು ಸೀತು.

"ಅದು ಈಗ ಮರೆತುಬಿಡಿ," ಎಂದರು ಡಾಕ್ಟರ್.

ಮರುದಿನ ಸಂಜೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದೆವು. ಯಶ್ಮಿತಾ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಕಾಲಿಗೆ ತಲೆ ಆನಿಸಿದ್ದಳು. ಅಷ್ಟು ವಿಡಿಯೋ ನೋಡಿದ ಹುಡುಗಿ ಅಂದು ಮೊಬೈಲ್ ಮುಟ್ಟಲಿಲ್ಲ. ಸುಳ್ಯದ ನೆಂಟರು ಬಂದಿದ್ದರು, ಕಷಾಯದ ಮಾತು ಎತ್ತಲಿಲ್ಲ. ಇದೇ ಕೋಣೆಯಲ್ಲಿ ಎರಡು ತಿಂಗಳು ಒಬ್ಬರ ಮಾತನ್ನು ಒಬ್ಬರು ಕತ್ತರಿಸಿ ಸೀತುವಿನ ಹೊಟ್ಟೆ ಹಂಚಿಕೊಂಡವರಿಗೆ ಅವಳ ಮುಖದ ಬಗ್ಗೆ ಒಂದು ಮಾತೂ ಇರಲಿಲ್ಲ. ನಾನು ಚಾ ಮಾಡಿ ತಂದೆ, ಯಾರೂ ಕುಡಿಯಲಿಲ್ಲ.

ಕೊನೆಗೆ ಸುಳ್ಯದವರು ಗಂಟಲು ಸರಿಪಡಿಸಿಕೊಂಡು, "ದೇವಣ್ಣ, ನೀವೆಂತ ಹೇಳ್ತೀರಿ?" ಎಂದರು.

"ನಾನೆಂತ ಹೇಳುದು?" ಎಂದರು ಇವರು. "ಅವಳ ಶರೀರ. ಅವಳು ಹೇಳಿದ ಹಾಗೆ."

ಸೀತು ತಲೆ ಎತ್ತಿದಳು. ಅಷ್ಟು ಹೊತ್ತು ಅವಳು ಅತ್ತಿರಲಿಲ್ಲ. ಈಗ ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

"ನೀನು ಹೇಳು ಅಣ್ಣ," ಎಂದಳು. "ಈ ಸಲ ನೀನು ಹೇಳು. ನೀನು ಹೇಳಿದ್ದು ಮಾಡ್ತೇನೆ."

ಇವರು ಅವಳನ್ನು ನೋಡಲಿಲ್ಲ. ಪಂಚೆ ಸರಿಮಾಡಿಕೊಂಡು ಎದ್ದರು. ಗೋದಾಮಿಗೆ ಲೋಡ್ ಬರಲಿಕ್ಕುಂಟು, ಒಮ್ಮೆ ನೋಡಿ ಬರುತ್ತೇನೆ ಎಂದರು. ಅಂದು ಭಾನುವಾರ, ಲೋಡ್ ಬರುವ ದಿನವಲ್ಲ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಾರು ಸ್ಟಾರ್ಟ್ ಮಾಡಿದ ಶಬ್ದ ಕೇಳಲಿಲ್ಲ. ಅಂಗಳದ ಆಚೆ, ಗೇಟಿನ ಹತ್ತಿರ ಅವರು ಬೆನ್ನು ಹಾಕಿ ನಿಂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ಹೇಡಿ ಎಂದುಕೊಂಡೆ ಮನಸ್ಸಿನಲ್ಲಿ. ಅವರು ಒಳಗೆ ಬಂದರೆ ಎಲ್ಲರ ಎದುರೇ ಹೇಳಬೇಕು ಎಂದುಕೊಂಡೆ.

"ನೀವೆಂತ ಹೇಳ್ತೀರಿ ಅತ್ತಿಗೆ?"

ಸೀತು ನನ್ನ ಕಡೆ ತಿರುಗಿದ್ದಳು. ಅವಳ ಕೈ ನನ್ನ ಕೈಯ ಮೇಲಿತ್ತು, ತಣ್ಣಗಿತ್ತು. ನಾನು ಕೊಯ್ಯಲಿ ಎಂದು ಹೇಳಿ, ಅವಳು ಆಪರೇಷನ್ ಮೇಜಿನ ಮೇಲೆಯೇ ಹೋದರೆ ಎಂದು ಯೋಚಿಸಿದೆ. ಬೇಡ ಎಂದು ಹೇಳಿ, ಅವಳು ನನ್ನ ಕಣ್ಣೆದುರೇ ಬಾಯಿ ಕೊಳೆತು ಹೋದರೆ ಎಂದೂ ಯೋಚಿಸಿದೆ. ಯಶ್ಮಿತಾ ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀನು ಹೇಳಿದ ಹಾಗೆ ಸೀತು," ಎಂದೆ ನಾನು.

ಅವಳು ನನ್ನ ಕೈಯ ಮೇಲಿದ್ದ ಕೈ ತೆಗೆದಳು. ಹ್ಞೂಂ ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೆಲ್ಲಗೆ ಎದ್ದು ನಿಂತಳು.

"ಹಾಗಾದ್ರೆ ಕೊಯ್ಯಲಿ," ಎಂದಳು.